ದಾಂಡೇಲಿ ಸೀಮೆಯ ನೆರಳಿನ ಹಾದಿ: ಸಮತಟ್ಟಾದ ಕಾಡಿನಲ್ಲಿ ಓಡುವವರಿಗೆ ಒಂದು ಕೈಪಿಡಿ

ಕಾಡುಹಾದಿಯ ಓಟವೆಂದರೆ ಕಡಿದಾದ ಏರು, ಜಾರುವ ಇಳಿಜಾರು, ಕಲ್ಲುಬಂಡೆಗಳ ನಡುವಿನ ಸಾಹಸ ಎಂಬ ಭಾವನೆ ನಗರವಾಸಿ ಓಟಗಾರರಲ್ಲಿ ಬೇರೂರಿದೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂತಹ ಸ್ಪರ್ಧೆಗಳು ಈ ಭಾವನೆಯನ್ನು ಇನ್ನಷ್ಟು ಗಟ್ಟಿಗೊಳಿಸಿವೆ. ಆದರೆ ಬೆಂಗಳೂರಿನಲ್ಲಿ 2008ರಲ್ಲಿ ಆರಂಭಗೊಂಡ ಹತ್ತು ಕಿಲೋಮೀಟರ್ ಓಟದ ನಂತರ ರಾಜ್ಯದಾದ್ಯಂತ ಓಟದ ಹವ್ಯಾಸಕ್ಕೆ ಇಳಿದ ಸಾವಿರಾರು ಜನರಿಗೆ ಬೇಕಿರುವುದು ಬೇರೆಯೇ ಬಗೆಯ ಹಾದಿ. ನೆಲ ಹೆಚ್ಚು ಏರಿಳಿಯಬಾರದು, ತಲೆಯ ಮೇಲೆ ನೆರಳಿರಬೇಕು, ವಾಹನಗಳ ಸದ್ದು ದೂರವಿರಬೇಕು, ಐದರಿಂದ ಹತ್ತು ಕಿಲೋಮೀಟರ್ ನಿರಾಯಾಸವಾಗಿ ಓಡಿ ಹಿಂತಿರುಗುವಂತಿರಬೇಕು. ಇಂತಹ ಹಾದಿಯನ್ನು ಅರಸುವವರ ಕಣ್ಣು ಸಹಜವಾಗಿಯೇ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳತ್ತ ಹೊರಳುತ್ತದೆ. ಅವೇ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ.

ಈ ಸೀಮೆಯಲ್ಲಿ ಅಂತಹ ಹಾದಿಗಳು ಇಲ್ಲದಿಲ್ಲ. ಆದರೆ ಸಮತಟ್ಟಾದ ನೆಲ, ದಟ್ಟ ನೆರಳು, ಓಡಲು ಅನುಮತಿ ಈ ಮೂರೂ ಒಂದೇ ಸ್ಥಳದಲ್ಲಿ, ವರ್ಷವಿಡೀ ದೊರೆಯುವುದಿಲ್ಲ. ಯಾವುದು ಎಲ್ಲಿ, ಯಾವ ತಿಂಗಳಲ್ಲಿ ದೊರೆಯುತ್ತದೆ ಎಂಬುದನ್ನು ತಿಳಿದು ಹೊರಟವರಿಗೆ ಮಾತ್ರ ಇಲ್ಲಿನ ಕಾಡು ಸುಖಕರವಾದ ಓಟವನ್ನು ನೀಡುತ್ತದೆ. ತಿಳಿಯದೆ ಹೊರಟವರು ಬಿಸಿಲಿಗೋ, ಕಾನೂನಿಗೋ, ಕೆಲವೊಮ್ಮೆ ಆನೆಗೋ ಎದುರಾಗಬೇಕಾದೀತು.

ನೆಲದ ಸ್ವರೂಪ

ಮೊದಲಿಗೆ ಭೂಗೋಳವನ್ನು ಅರಿಯುವುದು ಒಳ್ಳೆಯದು. ಪಶ್ಚಿಮ ಘಟ್ಟದ ಬೆನ್ನೇಣು ಜೋಯಿಡಾ ತಾಲ್ಲೂಕಿನ ಮೂಲಕ ಹಾದುಹೋಗುತ್ತದೆ. ಹಿಂದೆ ಇದಕ್ಕೆ ಸೂಪಾ ತಾಲ್ಲೂಕು ಎಂದೇ ಹೆಸರಿತ್ತು. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿದ ಮೇಲೆ ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಇದೇ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜೋಯಿಡಾದಲ್ಲಿ ಕಣಿವೆ, ಕೊರಕಲು, ಗುಡ್ಡಗಳೇ ಹೆಚ್ಚು. ಸಮತಟ್ಟಾದ ಹಾದಿ ಅಲ್ಲಿ ಗದ್ದೆಯ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ ತುಣುಕು ತುಣುಕಾಗಿ ಸಿಗುತ್ತದೆಯಷ್ಟೆ.

ಅಲ್ಲಿಂದ ಪೂರ್ವಕ್ಕೆ ಸಾಗಿದಂತೆ ನೆಲ ಶಾಂತವಾಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿರುವ ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆ ಅಗಲವಾಗಿದೆ. ಹಳಿಯಾಳ ಮತ್ತು ಮುಂಡಗೋಡ ತಲುಪುವಷ್ಟರಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅರೆಮಲೆನಾಡು ಎದುರಾಗುತ್ತದೆ. ಇಲ್ಲಿನ ಭೂಮಿ ಮೆಲುವಾಗಿ ಏರಿ ಮೆಲುವಾಗಿ ಇಳಿಯುವುದರಿಂದ ಹೊಸ ಓಟಗಾರನೂ ಉಸಿರು ಕಟ್ಟದೆ ಓಡಬಲ್ಲ. ಎತ್ತಿನಗಾಡಿಗಳು ಮತ್ತು ಟ್ರ್ಯಾಕ್ಟರುಗಳು ಓಡಾಡಿ ಹದಗೊಂಡ ಕೆಮ್ಮಣ್ಣಿನ ದಾರಿಗಳು ಊರಿನಿಂದ ಊರಿಗೆ ಕಾಡಿನಂಚಿನಲ್ಲಿಯೇ ಸಾಗುತ್ತವೆ.

ಆಡಳಿತದ ದೃಷ್ಟಿಯಿಂದ ಒಂದು ವಿವರ. ಹಳೆಯ ನಕಾಶೆಗಳಲ್ಲಿ ದಾಂಡೇಲಿಯು ಹಳಿಯಾಳ ತಾಲ್ಲೂಕಿನ ಭಾಗವಾಗಿಯೇ ಕಾಣುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಅದು ಸೇರಿದ್ದು, ಜಿಲ್ಲೆಯ ತಾಲ್ಲೂಕುಗಳ ಸಂಖ್ಯೆ 12ಕ್ಕೆ ಏರಿದೆ.

ನೆರಳಿನ ಲೆಕ್ಕಾಚಾರ

ಹೊರಗಿನವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಕಾಡು ಎಂದ ಮೇಲೆ ನೆರಳು ಇದ್ದೇ ಇರುತ್ತದೆ ಎಂದು ಭಾವಿಸುವುದು ತಪ್ಪು. ಈ ಸೀಮೆಯ ಕಾಡಿನ ಸ್ವಭಾವವನ್ನು ನಿರ್ಧರಿಸುವುದು ಮಳೆ. ಜೋಯಿಡಾ ತಾಲ್ಲೂಕಿನ ಗೋವಾ ಗಡಿಯಲ್ಲಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪೂರ್ವಕ್ಕೆ ಬಂದಂತೆ ಅದು ಇಳಿಯುತ್ತಾ ಹೋಗಿ ಹಳಿಯಾಳ, ಮುಂಡಗೋಡಗಳಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಪಶ್ಚಿಮದಲ್ಲಿ ನಿತ್ಯಹರಿದ್ವರ್ಣದ ಮತ್ತು ಅರೆ ನಿತ್ಯಹರಿದ್ವರ್ಣದ ಕಾಡು ಬೆಳೆದರೆ, ಪೂರ್ವದಲ್ಲಿ ಬೆಳೆದಿರುವುದು ಎಲೆ ಉದುರಿಸುವ ಕಾಡು. ಸಾಗುವಾನಿ, ಮತ್ತಿ, ಹೊನ್ನೆ, ನಂದಿ, ದಿಂಡಿಗ ಮತ್ತು ಬಿದಿರು ಇಲ್ಲಿನ ಪ್ರಧಾನ ಸಸ್ಯಗಳು. ದಾಂಡೇಲಿಯ ಸಾಗುವಾನಿ ಹೆಸರುವಾಸಿಯಾದುದು. ಇಲ್ಲಿನ ಬಿದಿರು ಮತ್ತು ಕಾಳಿಯ ನೀರಿನ ಆಸರೆಯಲ್ಲಿಯೇ 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ತಲೆ ಎತ್ತಿತು.

ಸಾಗುವಾನಿ ಮರ ಮಳೆಗಾಲದಲ್ಲಿ ಮುಗಿಲು ಮುಚ್ಚುವಂತೆ ಅಗಲವಾದ ಎಲೆಗಳನ್ನು ಹರಡುತ್ತದೆ. ಆದರೆ ಚಳಿಗಾಲ ಮುಗಿಯುತ್ತಿದ್ದಂತೆ ಆ ಎಲೆಗಳೆಲ್ಲ ಉದುರಿ, ಫೆಬ್ರವರಿಯಿಂದ ಮುಂಗಾರುಪೂರ್ವ ಮಳೆ ಬೀಳುವವರೆಗೆ ಮರಗಳು ಬೋಳಾಗಿ ನಿಲ್ಲುತ್ತವೆ. ನವೆಂಬರಿನಲ್ಲಿ ಹಸಿರು ಸುರಂಗದಂತಿದ್ದ ಹಾದಿಯೇ ಮಾರ್ಚ್ ತಿಂಗಳಲ್ಲಿ ಉರಿಬಿಸಿಲಿನ ಬಯಲಾಗಿರುತ್ತದೆ. ಇನ್ನೊಂದು ತೊಡಕೂ ಇದೆ. ಉದುರಿದ ಸಾಗುವಾನಿ ಎಲೆಗಳು ನೆಲವನ್ನು ಪೂರ್ತಿಯಾಗಿ ಮುಚ್ಚಿಬಿಡುವುದರಿಂದ ಕೆಳಗಿನ ಬೇರು, ಕಲ್ಲು, ಗುಂಡಿ ಮತ್ತು ಹಾವು ಕಣ್ಣಿಗೆ ಬೀಳುವುದಿಲ್ಲ. ಕಾಲು ಉಳುಕುವ ಭಯ ಆಗ ಹೆಚ್ಚು. ಒಣಗಿದ ತರಗೆಲೆ ಕಾಡ್ಗಿಚ್ಚಿಗೂ ಕಾರಣವಾಗುವುದರಿಂದ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಕಾಡಿನೊಳಗಿನ ಓಡಾಟದ ಮೇಲೆ ಹೆಚ್ಚಿನ ನಿಗಾ ಇಡುತ್ತದೆ.

ಒಟ್ಟಿನಲ್ಲಿ ಲೆಕ್ಕ ಇಷ್ಟೇ. ನೆಲ ಸಮತಟ್ಟಾಗಿರುವ ಪೂರ್ವದಲ್ಲಿ ನೆರಳು ಅರ್ಧ ವರ್ಷದ್ದು. ನೆರಳು ವರ್ಷವಿಡೀ ಇರುವ ಪಶ್ಚಿಮದಲ್ಲಿ ನೆಲ ಸಮತಟ್ಟಲ್ಲ. ಇವೆರಡರ ನಡುವೆ ಇರುವ ದಾಂಡೇಲಿಯ ಕಾಳಿ ದಂಡೆಯಲ್ಲಿ, ನದಿಯ ತೇವದಿಂದಾಗಿ ಹಸಿರು ಉಳಿಸಿಕೊಂಡ ಮರಗಳ ಕೆಳಗೆ, ಎರಡೂ ಸ್ವಲ್ಪಮಟ್ಟಿಗೆ ಒಟ್ಟಾಗಿ ದೊರೆಯುತ್ತವೆ.

ಕಾನೂನು ಏನು ಹೇಳುತ್ತದೆ?

ಈ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ದಾಂಡೇಲಿ ವನ್ಯಜೀವಿ ಧಾಮ 1956ರಲ್ಲಿ ಘೋಷಣೆಯಾಯಿತು. ಅದರ ಒಂದು ಭಾಗ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡನ್ನೂ ಸೇರಿಸಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 2015ರಲ್ಲಿ ಇದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಮರುನಾಮಕರಣವಾಯಿತು. ಹುಲಿ, ಚಿರತೆ, ಕರಿಚಿರತೆ, ಕರಡಿ, ಆನೆ, ಕಾಡೆಮ್ಮೆಗಳ ನೆಲೆ ಇದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿ ಧಾಮ ಅಥವಾ ರಾಷ್ಟ್ರೀಯ ಉದ್ಯಾನದೊಳಕ್ಕೆ ಅನುಮತಿ ಇಲ್ಲದೆ ಪ್ರವೇಶಿಸುವುದು ಅಪರಾಧ. ಅಲ್ಲಿನ ನಿವಾಸಿಗಳು, ಜಮೀನಿನ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯ ಮೂಲಕ ಹಾದುಹೋಗುವವರು ಮುಂತಾದವರಿಗೆ ಮಾತ್ರ ವಿನಾಯಿತಿ ಇದೆ. ಹೆದ್ದಾರಿಯಿಂದ ಕಾಡಿನೊಳಗೆ ಕವಲೊಡೆಯುವ ಆಕರ್ಷಕವಾದ ಮಣ್ಣಿನ ದಾರಿ ಕಂಡೊಡನೆ ಅತ್ತ ಓಡುವುದು ಈ ವಿನಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಅತಿಕ್ರಮ ಪ್ರವೇಶದ ನಿಯಮಗಳು ಅನ್ವಯವಾಗುತ್ತವೆ.

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಬಾರಿಗೆ ಭಾರೀ ಸಂಖ್ಯೆಯ ಚಾರಣಿಗರು ನೆರೆದ ನಂತರ ರಾಜ್ಯ ಸರ್ಕಾರ ಚಾರಣ ಪಥಗಳ ಪ್ರವೇಶವನ್ನು ಬಿಗಿಗೊಳಿಸಿತು. ಅದೇ ವರ್ಷ ಅರಣ್ಯ ಇಲಾಖೆಯು 'ಅರಣ್ಯ ವಿಹಾರ' ಎಂಬ ಆನ್‌ಲೈನ್ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯನ್ನು ಆರಂಭಿಸಿತು. ಓಟಗಾರರಿಗೆಂದೇ ಪ್ರತ್ಯೇಕ ನಿಯಮವಿಲ್ಲ. ಅರಣ್ಯದ ಹಾದಿಯಲ್ಲಿ ಓಡುವವನೂ ಚಾರಣಿಗನಂತೆಯೇ ಅನುಮತಿ ಪಡೆಯಬೇಕು, ಮಾರ್ಗದರ್ಶಿಯ ಜೊತೆಯಲ್ಲಿಯೇ ಸಾಗಬೇಕು.

ಎಲ್ಲಿ ಓಡಬಹುದು?

ದಾಂಡೇಲಿ: ಪಟ್ಟಣದ ಅಂಚಿನಲ್ಲಿ ಕಾಳಿ ದಂಡೆಯ ಮೌಳಂಗಿ ಪರಿಸರ ಉದ್ಯಾನದ ಸುತ್ತಲಿನ ಪ್ರದೇಶ ಹೊಸಬರಿಗೆ ಅತ್ಯಂತ ಸೂಕ್ತ. ಜನವಸತಿ ಹತ್ತಿರವಿದೆ, ನೆಲ ಸಮವಾಗಿದೆ, ಮರಗಳ ನೆರಳಿದೆ. ಪಟ್ಟಣದಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ಕುಳಗಿ ನಿಸರ್ಗಧಾಮ ಅರಣ್ಯ ಇಲಾಖೆಯದು. ಅಲ್ಲಿ ತಂಗಿದವರು ಸಿಬ್ಬಂದಿಯ ಜೊತೆಯಲ್ಲಿ ನಿಗದಿತ ಹಾದಿಗಳಲ್ಲಿ ಬೆಳಗಿನ ನಡಿಗೆಗೆ ತೆರಳಬಹುದು. ಕುಳಗಿಯ ಹಾದಿ ನಡಿಗೆಗೆ ಮೀಸಲಾದದ್ದೆಂದು ತಿಳಿಯುವುದೇ ಕ್ಷೇಮ. ಓಟದ ವೇಗದಲ್ಲಿ ಸಾಗುವವನಿಗೆ ಪೊದೆಯ ಆಚೆ ಮೇಯುತ್ತಿರುವ ಕಾಡೆಮ್ಮೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಕಾಳಿಯ ದಂಡೆಯ ಕಾಡುಗಳು ಮಂಗಟ್ಟೆ ಹಕ್ಕಿಗಳಿಗೂ ಹೆಸರಾಗಿದ್ದು, ಅವುಗಳಿಗಾಗಿಯೇ 2011ರಲ್ಲಿ ಇಲ್ಲೊಂದು ಸಂರಕ್ಷಣಾ ಮೀಸಲು ಘೋಷಣೆಯಾಗಿದೆ.

ಹಳಿಯಾಳ: ಸಾಂಬ್ರಾಣಿ, ಭಾಗವತಿ ಮೊದಲಾದ ಊರುಗಳ ಸುತ್ತಮುತ್ತ ಗ್ರಾಮಗಳನ್ನು ಸೇರಿಸುವ ರಸ್ತೆಗಳು ಸಾಗುವಾನಿ ಮತ್ತು ಮತ್ತಿ ಮರಗಳ ನಡುವೆ ಸಾಗುತ್ತವೆ. ಸಾರ್ವಜನಿಕ ರಸ್ತೆಯನ್ನು ಬಿಟ್ಟು ಒಳನುಗ್ಗದಿದ್ದರೆ ಇಲ್ಲಿ ಓಡುವುದಕ್ಕೆ ಅಡ್ಡಿ ಇಲ್ಲ. ಏರಿಳಿತ ಅತ್ಯಲ್ಪ. ಮಳೆಗಾಲ ಮುಗಿದ ಮೊದಲ ಮೂರು ತಿಂಗಳು ಈ ರಸ್ತೆಗಳ ನೆರಳಿಗೆ ಸಾಟಿಯಿಲ್ಲ.

ಮುಂಡಗೋಡ: ತಾಲ್ಲೂಕಿನ ಅತ್ತಿವೇರಿ ಜಲಾಶಯದ ಸುತ್ತ 2.23 ಚದರ ಕಿಲೋಮೀಟರ್ ವಿಸ್ತಾರದ ಪಕ್ಷಿಧಾಮವಿದೆ. ಇದು ವೇಗದ ಓಟದ ಸ್ಥಳವಲ್ಲ. ಗೂಡು ಕಟ್ಟುವ ಹಕ್ಕಿಗಳಿಗೆ ಕಾಲಿನ ಸಪ್ಪಳವೂ ತೊಂದರೆಯೇ. ಆದರೆ ಅಲ್ಲಿಗೆ ಕರೆದೊಯ್ಯುವ ಕಾಡಂಚಿನ ಹಳ್ಳಿರಸ್ತೆಗಳು ಸಮತಟ್ಟಾಗಿವೆ. 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ಕ್ಯಾಂಪ್‌ಗಳ ನಡುವಿನ ದಾರಿಗಳೂ ಹಾಗೆಯೇ. ಮಠಗಳ ಹಿರಿಯ ಸನ್ಯಾಸಿಗಳು, ವಸಾಹತಿನ ವೃದ್ಧರು ಜಪಮಾಲೆ ಹಿಡಿದು ನಡೆಯುವ ದಾರಿಗಳಿವು. ಓಟಗಾರರು ಅವರಿಗೆ ದಾರಿ ಬಿಟ್ಟುಕೊಟ್ಟು ಸಾಗುವುದು ಸೌಜನ್ಯ.

ಜೋಯಿಡಾ: ನಿತ್ಯಹಸಿರಿನ ನೆರಳನ್ನೇ ಬಯಸುವವರು ಗಣೇಶಗುಡಿಯಲ್ಲಿ ತಂಗಿ, ಅಲ್ಲಿನ ವಸತಿಗೃಹಗಳ ಆವರಣ ಮತ್ತು ಸಮೀಪದ ರಸ್ತೆಗಳಲ್ಲಿ ಚಿಕ್ಕ ಓಟಕ್ಕೆ ತೃಪ್ತರಾಗಬೇಕು. ದೂರದ ಓಟಕ್ಕೆ ಈ ತಾಲ್ಲೂಕು ಹೊಸಬರದ್ದಲ್ಲ. ಹಾಗೆಂದು ಇಲ್ಲಿ ದೂರವನ್ನು ಕಾಲಿನಿಂದ ಅಳೆದವರಿಲ್ಲ ಎಂದಲ್ಲ. ಚನ್ನಬಸವಣ್ಣನವರ ಸಮಾಧಿ ಇರುವ ಉಳವಿಯ ಜಾತ್ರೆಗೆ ಪ್ರತಿವರ್ಷ ಭಾರತ ಹುಣ್ಣಿಮೆಯ ವೇಳೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು, ಸಾವಿರಾರು ಭಕ್ತರು ಪಾದಯಾತ್ರೆಯಲ್ಲಿ ಈ ಕಾಡಿನ ಮೂಲಕವೇ ಸಾಗುತ್ತಾರೆ. ಓಟದ ಬೂಟು ಈ ಸೀಮೆಗೆ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಈ ದಾರಿಗಳು ಕಾಲ್ನಡಿಗೆಯವರವು.

ಯಾವಾಗ ಓಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ದಾರಿಗಳು ಕೆಸರಾಗಿ, ಇಂಬಳಗಳ ಕಾಟವೂ ಸೇರಿ ಓಟ ಕಷ್ಟಸಾಧ್ಯ. ಫೆಬ್ರವರಿಯ ನಂತರ ಪೂರ್ವದ ಕಾಡಿನಲ್ಲಿ ನೆರಳಿಲ್ಲ. ಉಳಿಯುವುದು ಅಕ್ಟೋಬರ್‌ನಿಂದ ಜನವರಿವರೆಗಿನ ನಾಲ್ಕು ತಿಂಗಳು. ನೆಲ ಗಟ್ಟಿಯಾಗಿರುತ್ತದೆ, ಎಲೆ ಹಸಿರಾಗಿರುತ್ತದೆ, ಬೆಳಗಿನ ಗಾಳಿ ತಂಪಾಗಿರುತ್ತದೆ.

ಆದರೆ ಈ ನಾಲ್ಕು ತಿಂಗಳು ಓಟಗಾರನೊಬ್ಬನಿಗೇ ಸೇರಿದ್ದಲ್ಲ. ಹಳಿಯಾಳ, ಮುಂಡಗೋಡ ಭಾಗದಲ್ಲಿ ಭತ್ತದ ತೆನೆ ಬಲಿಯುವುದೂ, ಕಬ್ಬು ಕಟಾವಿಗೆ ಬರುವುದೂ ಇದೇ ಕಾಲದಲ್ಲಿ. ದಾಂಡೇಲಿ ಕಾಡಿನ ಆನೆಗಳು ಬೆಳೆಯನ್ನು ಅರಸಿ ಪೂರ್ವದ ಕಾಡಂಚಿಗೆ ಬರುವುದೂ ಆಗಲೇ. ರೈತರು ಅಟ್ಟಣಿಗೆಯಲ್ಲಿ ಕುಳಿತು ರಾತ್ರಿಯಿಡೀ ಗದ್ದೆ ಕಾಯುತ್ತಾರೆ. ರಾತ್ರಿ ಗದ್ದೆಗೆ ಇಳಿದ ಆನೆಗಳು ಕಾಡಿಗೆ ಮರಳುವುದು ನಸುಕಿನಲ್ಲಿ. ನಗರದ ಓಟಗಾರನ ಇಷ್ಟದ ವೇಳೆಯೂ ಅದೇ. ಆದ್ದರಿಂದ ನಗರದಲ್ಲಿ ಐದು ಗಂಟೆಗೆ ಓಡುವ ಅಭ್ಯಾಸವುಳ್ಳವರು ಇಲ್ಲಿ ಅದನ್ನು ಬಿಡಬೇಕು. ಸೂರ್ಯೋದಯವಾಗಿ, ಹಾಲು ಒಯ್ಯುವವರ, ಶಾಲೆಗೆ ಹೋಗುವ ಮಕ್ಕಳ ಓಡಾಟ ಆರಂಭವಾದ ಮೇಲೆ, ಅಂದರೆ ಏಳು ಗಂಟೆಯ ನಂತರ ಹೊರಟು ಒಂಬತ್ತರೊಳಗೆ ಹಿಂತಿರುಗುವುದು ಉತ್ತಮ. ಸಂಜೆ ಐದರ ನಂತರದ ಓಟ ಬೇಡವೇ ಬೇಡ. ಹೊರಡುವ ಮುನ್ನ ಹಳ್ಳಿಯ ಚಹಾದಂಗಡಿಯಲ್ಲಿ ಆನೆ ಎತ್ತ ಇದೆ ಎಂದು ವಿಚಾರಿಸುವುದು ಯಾವ ನಕಾಶೆಗಿಂತಲೂ ಉಪಯುಕ್ತ.

ವಹಿಸಬೇಕಾದ ಎಚ್ಚರಿಕೆಗಳು

ನೀರು: ಓಟದ ನಂತರ ಕಾಳಿಯಲ್ಲಿ ಕಾಲು ತೊಳೆಯುವ ಆಸೆ ಸಹಜ. ಆದರೆ ದಾಂಡೇಲಿಯ ಸುತ್ತಮುತ್ತ ನದಿಯಲ್ಲಿ ಮೊಸಳೆಗಳಿವೆ. 2021ರ ಅಕ್ಟೋಬರ್‌ನಲ್ಲಿ ಪಟ್ಟಣದ ಬಳಿ ನದಿದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದ ದುರ್ಘಟನೆ ನಡೆದಿದೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿಯ ಮಟ್ಟ ಬೇಗನೆ ಏರುವುದೂ ಉಂಟು. ನದಿಯನ್ನು ದಂಡೆಯ ಮೇಲಿನಿಂದ ನೋಡಿ ಆನಂದಿಸುವುದೇ ಲೇಸು.

ಉಣ್ಣೆ: ಮಂಗನ ಕಾಯಿಲೆ ಎಂದು ಕರೆಯಲಾಗುವ ಕ್ಯಾಸನೂರು ಕಾಡಿನ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲು ಪತ್ತೆಯಾಯಿತು. ಉತ್ತರ ಕನ್ನಡವೂ ಅದರ ವಲಯದಲ್ಲಿದೆ. ಕಾಡಿನ ಉಣ್ಣೆಗಳ ಕಡಿತದಿಂದ ಹರಡುವ ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಕಾಲು ಮುಚ್ಚುವ ಉದ್ದನೆಯ ಕಾಲುಚೀಲ ಧರಿಸುವುದು, ಉಣ್ಣೆ ನಿವಾರಕ ತೈಲ ಲೇಪಿಸುವುದು, ತರಗೆಲೆಯ ಮೇಲೆ ಕೂರದಿರುವುದು, ಓಟ ಮುಗಿದೊಡನೆ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿಗೆ ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಇತರೆ: ಕಾಡಿನ ಹಾದಿಯಲ್ಲಿ ಒಬ್ಬರೇ ಓಡಬಾರದು. ಕಿವಿಗೆ ಹಾಡಿನ ಸಾಧನ ತುರುಕಿಕೊಳ್ಳಬಾರದು, ಇಲ್ಲಿ ಕಿವಿಯೇ ಮೊದಲ ಕಾವಲುಗಾರ. ಮೊಬೈಲ್ ಸಂಪರ್ಕ ಹಲವೆಡೆ ಸಿಗುವುದಿಲ್ಲವಾದ್ದರಿಂದ ಹೋಗುವ ದಾರಿ ಮತ್ತು ಮರಳುವ ಸಮಯವನ್ನು ತಂಗಿದ ಮನೆಯವರಿಗೆ ಹೇಳಿ ಹೊರಡಬೇಕು. ಸುತ್ತುಹಾದಿ ಹುಡುಕುವ ಬದಲು ಹೋದ ದಾರಿಯಲ್ಲಿಯೇ ಹಿಂತಿರುಗುವುದು ಕ್ಷೇಮಕರ. ಕುಡಿಯುವ ನೀರನ್ನು ಜೊತೆಯಲ್ಲಿಯೇ ಒಯ್ಯಬೇಕು, ಖಾಲಿ ಬಾಟಲಿಯನ್ನು ಮರಳಿ ತರಬೇಕು.

ಈ ನೆಲದ ಓಟಗಾರರು

ಈ ಸೀಮೆಯ ಓಟದ ಬಗ್ಗೆ ಬರೆಯುವಾಗ ಸಿದ್ದಿಗಳನ್ನು ನೆನೆಯದಿದ್ದರೆ ಬರಹ ಅಪೂರ್ಣವಾದೀತು. ಆಫ್ರಿಕಾ ಮೂಲದ ಈ ಸಮುದಾಯ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಭಾಗದ ಕಾಡಂಚಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದೆ. ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದ ಉತ್ತರಾರ್ಧದಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಹಳ್ಳಿಗಳ ಬಾಲಕ ಬಾಲಕಿಯರನ್ನು ಆಯ್ದು ತರಬೇತಿ ನೀಡಿತು. ಅವರಲ್ಲಿ ಹಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಆದರೆ 1990ರ ದಶಕದ ಆರಂಭದಲ್ಲಿಯೇ ಸಿದ್ದಿಗಳ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಡಿ ನೌಕರಿ ದೊರೆತರೆ, ಉಳಿದವರು ಹೊಲದ ಕೆಲಸಕ್ಕೆ ಮರಳಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಕಳೆದ ದಶಕದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದಲ್ಲಿ ಮತ್ತೆ ಓಟದ ತರಬೇತಿಯನ್ನು ಆರಂಭಿಸಿದ್ದು, ಹೊಸ ಪೀಳಿಗೆಯ ಸಿದ್ದಿ ಮಕ್ಕಳೂ ಅಲ್ಲಿ ಪಳಗಿದ್ದಾರೆ.

ವಾರಾಂತ್ಯಕ್ಕೆ ಬರುವ ಅತಿಥಿ ಓಟಗಾರರು ಇದನ್ನು ನೆನಪಿನಲ್ಲಿಡಬೇಕು. ತಮಗೆ ವಿಹಾರವಾಗಿರುವ ದಾರಿ ಇಲ್ಲಿನ ಮಗುವಿಗೆ ಶಾಲೆಯ ದಾರಿ, ತಾಯಿಗೆ ಸೌದೆಯ ದಾರಿ, ಆನೆಗೆ ಆಹಾರದ ದಾರಿ. ಸ್ಥಳೀಯರನ್ನೇ ಮಾರ್ಗದರ್ಶಿಯನ್ನಾಗಿ ಕರೆದುಕೊಂಡು, ಅವರಿಗೆ ತಕ್ಕ ಸಂಭಾವನೆ ಕೊಟ್ಟು ಓಡಿದರೆ ಸುರಕ್ಷತೆಯೂ ಆಯಿತು, ಊರಿಗೊಂದಿಷ್ಟು ಆಸರೆಯೂ ಆಯಿತು.

ತಲುಪುವುದು ಹೇಗೆ?

ಧಾರವಾಡದಿಂದ ಹಳಿಯಾಳ ಮಾರ್ಗವಾಗಿ ದಾಂಡೇಲಿಗೆ ಸುಮಾರು 57 ಕಿಲೋಮೀಟರ್. ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ 50 ಕಿಲೋಮೀಟರಿಗಿಂತ ಕಡಿಮೆ. ಎರಡೂ ಕಡೆಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಬೆಂಗಳೂರು ಕಡೆಯಿಂದ ಬರುವವರು ರೈಲಿನಲ್ಲಿ ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ಬಂದು ಮುಂದೆ ಬಸ್ಸು ಹಿಡಿಯಬಹುದು. ಕುಳಗಿ ನಿಸರ್ಗಧಾಮದಲ್ಲಿ ಹಾಗೂ ದಾಂಡೇಲಿ, ಗಣೇಶಗುಡಿಗಳಲ್ಲಿರುವ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹಗಳಲ್ಲಿ ಮುಂಗಡವಾಗಿ ಕೊಠಡಿ ಕಾಯ್ದಿರಿಸಿಕೊಳ್ಳಬೇಕು. ಹಾದಿಯ ಅನುಮತಿಗೆ ದಾಂಡೇಲಿಯ ವನ್ಯಜೀವಿ ವಿಭಾಗ, ಹಳಿಯಾಳ ಅರಣ್ಯ ವಿಭಾಗ ಅಥವಾ ಮುಂಡಗೋಡದ ವಲಯ ಅರಣ್ಯ ಕಚೇರಿಯನ್ನು ಸಂಪರ್ಕಿಸಬೇಕು.

ಮೊದಲ ಸಲ ಬರುವವರಿಗೆ ಒಂದೇ ಸಲಹೆ ಕೊಡುವುದಾದರೆ, ಅದು ಹೀಗೆ: ನವೆಂಬರ್ ತಿಂಗಳ ಒಂದು ಬೆಳಗ್ಗೆ, ಏಳು ಗಂಟೆಯ ನಂತರ, ದಾಂಡೇಲಿಯ ಕಾಳಿ ದಂಡೆಯಲ್ಲಿ ಜೊತೆಗಾರರೊಂದಿಗೆ ಐದು ಕಿಲೋಮೀಟರ್ ಓಡಿ. ಮಾತನಾಡುತ್ತಾ ಓಡಬಲ್ಲಷ್ಟು ನಿಧಾನ ಸಾಕು. ನೆರಳು, ಸಮನೆಲ, ತಂಪು ಎಲ್ಲವೂ ಅಂದು ದೊರೆಯುತ್ತವೆ. ತಲೆಯ ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬೀಸು ಕೇಳಿಸಿದರೆ ನಿಂತುಬಿಡಿ. ಗಡಿಯಾರದ ಲೆಕ್ಕ ಆ ದಿನ ತಪ್ಪಿದರೂ ನಷ್ಟವೇನಿಲ್ಲ.